ಅವ್ವನ ಹೆಸರಿನ ಚೀಟಿ

ಎರಡು ತಿಂಗಳು ನಾನು ನಮ್ಮವ್ವನ ಹೆಸರಿನಲ್ಲಿ ಔಷಧ ತಿಂದೆ. ಚೀಟಿಯ ಮೇಲೆ ಅವಳ ಹೆಸರು, ಅವಳ ವಯಸ್ಸು. ಗುಳಿಗೆ ಮಾತ್ರ ನನ್ನ ಹೊಟ್ಟೆಗೆ. ಅವ್ವನಿಗೆ ಕ್ಯಾನ್ಸರ್ ಆಗಿದೆ ಎಂದು ಅಪ್ಪ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅಳುವ ತನಕ ಸಂಗತಿ ಬೆಳೆಯಿತು. ಈಗ ನೆನೆದರೆ ನಗು ಬರುತ್ತದೆ. ಆಗ ನಗುವಷ್ಟು ರಕ್ತ ನನ್ನ ಮೈಯಲ್ಲಿರಲಿಲ್ಲ.

ನನ್ನ ಹೆಸರು ವೀರೇಶ, ವಯಸ್ಸು ಮೂವತ್ತೊಂದು, ಊರು ಸವಣೂರು ತಾಲ್ಲೂಕಿನ ಹತ್ತಿಮತ್ತೂರು. ಶಿಗ್ಗಾಂವಿಯ ಒಂದು ಮೋಟರ್ ಅಂಗಡಿಯಲ್ಲಿ ಕೆಲಸ. ಬೋರ್‌ವೆಲ್ಲಿನಿಂದ ಎತ್ತಿ ತಂದ ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತುತ್ತೇನೆ. ಹುಟ್ಟಿದಾಗ ನನ್ನನ್ನು ಹೆಣ್ಣು ಎಂದು ಬರೆಸಿದರು, ತೊಟ್ಟಿಲಿಗೆ ಹಾಕಿ ಹೆಣ್ಣಿನ ಹೆಸರಿಟ್ಟರು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಹೊತ್ತು ತಿರುಗಿದ್ದು ಸಾಕು. ನಾನು ಗಂಡು ಎನ್ನುವುದು ನನಗೆ ಎಂಟನೆಯ ವಯಸ್ಸಿಗೇ ಗೊತ್ತಿತ್ತು. ಮನೆಯಲ್ಲಿ ಹೇಳಿದ್ದು ಇಪ್ಪತ್ತಾರಕ್ಕೆ. ಅವ್ವ ಎರಡು ದಿನ ಒಲೆ ಹಚ್ಚಲಿಲ್ಲ, ಮೂರನೆಯ ದಿನ ರೊಟ್ಟಿ ಬಡಿದು "ಉಣ್ಣ ಬಾ" ಎಂದಳು. ಅಪ್ಪ ಬೈಯಲೂ ಇಲ್ಲ, ಹೊಡೆಯಲೂ ಇಲ್ಲ. ನನ್ನನ್ನು ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟ. ಹಳೆಯದೂ ಇಲ್ಲ, ಹೊಸದೂ ಇಲ್ಲ. ಐದು ವರ್ಷ ನಾನು ಅವನಿಗೆ ಬರೀ "ಏಯ್" ಆಗಿದ್ದೆ.

ನೆಂಟರಿಗಂತೂ ನಾನು ಪ್ಯಾಂಟು ಹಾಕಿಕೊಳ್ಳುವ ಹಟಮಾರಿ ಹುಡುಗಿ. ನಮ್ಮ ಕಡೆ ಮದುವೆ, ಮನೆ ಒಕ್ಕಲು ಏನೇ ಇರಲಿ, ಬಂದ ಬೀಗರಿಗೆ ಆಹೇರ ಮಾಡುತ್ತಾರೆ. ಹಿರಿಯರೊಬ್ಬರು ಯಾದಿ ಹಿಡಿದು ಊರು, ಹೆಸರು ಕೂಗುತ್ತಾರೆ. ಕೂಗಿಸಿಕೊಂಡವರು ಎದ್ದು ಹೋಗಿ ಎಲ್ಲರ ಮುಂದೆ ಕೂತು ಉಡುಗೊರೆ ತೆಗೆದುಕೊಳ್ಳಬೇಕು. ಗಂಡಸರಿಗೆ ಟೊಪ್ಪಿಗೆ, ಟಾವೆಲ್ಲು. ಹೆಂಗಸರಿಗೆ ಕುಬಸದ ಖಣ, ಅಂದರೆ ರವಿಕೆಯ ಬಟ್ಟೆ. ಕೂದಲು ಎಷ್ಟೇ ಸಣ್ಣಗೆ ಕತ್ತರಿಸಿಕೊಂಡು ಹೋದರೂ ನನ್ನ ಕೈಗೆ ಬರುತ್ತಿದ್ದದ್ದು ಖಣವೇ. ಟ್ರಂಕಿನಲ್ಲಿ ಅಂಥ ಹದಿನಾರು ಖಣ ಕೂಡಿಬಿದ್ದಿದ್ದವು. ಕೊನೆಗೆ ನಾನು ಇಂಥ ಕಾರ್ಯಗಳಿಗೆ ಹೋಗುವುದನ್ನೇ ನಿಲ್ಲಿಸಿದೆ.

ಹಿಂಗಿರುವಾಗ ಜಡ್ಡು ಬಂತು. ಐದು ದಿನದ ಮುಟ್ಟು ಹತ್ತು ದಿನವಾಯಿತು, ಆಮೇಲೆ ನಿಲ್ಲುವುದನ್ನೇ ಮರೆಯಿತು. ಗಂಡಸಾಗಿ ಬದುಕುವವನಿಗೆ ತಿಂಗಳಿಗೊಮ್ಮೆ ಬರುವ ಆ ಐದು ದಿನಗಳೇ ಒಂದು ಶಿಕ್ಷೆ. ಅದು ದಿನನಿತ್ಯದ್ದಾದಾಗ ನಾನು ಕರಿ ಪ್ಯಾಂಟು ಬಿಟ್ಟು ಬೇರೆ ಬಟ್ಟೆ ಹಾಕಲಿಲ್ಲ. ಅಂಗಡಿಯಲ್ಲಿ ತಂತಿಯ ಸುತ್ತು ಎಣಿಸುವಾಗ ನಡುವೆಯೇ ಮರೆತುಹೋಗಿ, ಬಿಚ್ಚಿ ಮತ್ತೆ ಮೊದಲಿನಿಂದ ಸುತ್ತುತ್ತಿದ್ದೆ. ಒಂದು ಸಂಜೆ ಸವಣೂರಿನ ಬಸ್‌ಸ್ಟ್ಯಾಂಡಿನಲ್ಲಿ ಕಣ್ಣು ಕತ್ತಲಿಟ್ಟು ಕಂಬ ಹಿಡಿದು ಕೂತುಬಿಟ್ಟೆ.

ಅವ್ವನಿಗೆ ಬಚ್ಚಲ ಬಕೆಟ್ಟು ಎಲ್ಲವನ್ನೂ ಹೇಳಿತ್ತು. ನಮ್ಮದು ವೀಳ್ಯದೆಲೆಯ ತೋಟ. ಎಲೆ ಎಣಿಸಿ ಕಟ್ಟು ಕಟ್ಟುತ್ತಾ ಕೂತವಳು ತಲೆ ಎತ್ತದೆ ಕೇಳಿದಳು.

"ಎಷ್ಟ ದಿನ ಆತು ಹಿಂಗ ಆಗಾಕತ್ತು?"

"ನಾಕ ತಿಂಗಳಾತು."

"ನಡಿ ಆಸ್ಪತ್ರಿಗೆ."

"ನಾ ಬರಂಗಿಲ್ಲಬೇ. ಸತ್ತರೂ ಬರಂಗಿಲ್ಲ."

ಈ ಹಟಕ್ಕೆ ಕಾರಣವಿತ್ತು. ಮೂರು ವರ್ಷದ ಹಿಂದೆ ಬೇರೆ ಒಂದೂರಿನಲ್ಲಿ ಹೊಟ್ಟೆನೋವೆಂದು ತೋರಿಸಲು ಹೋದಾಗ, ಅಲ್ಲಿದ್ದವರೊಬ್ಬರು ನನ್ನನ್ನು ಮಲಗಿಸಿ, ಒಳಗಿದ್ದ ಇನ್ನಿಬ್ಬರನ್ನು ಕರೆದು ತೋರಿಸಿದ್ದರು. ಮೂವರೂ ನಕ್ಕಿದ್ದರು. ಹೊಟ್ಟೆನೋವಿಗೆ ಏನು ಕೊಟ್ಟರೋ ನೆನಪಿಲ್ಲ, ಆ ನಗೆ ಮಾತ್ರ ಮರೆತಿಲ್ಲ. ಅವ್ವನಿಗೂ ಅದು ಗೊತ್ತಿತ್ತು. ಎರಡು ಕಟ್ಟು ಎಲೆ ಕಟ್ಟಿ ಮುಗಿಸಿ ಅಂದಳು:

"ಹಂಗಾರ ಚೀಟಿ ನನ್ನ ಹೆಸರಿಲೆ ತಗಸ್ತೇನಿ. ರಕ್ತ ನನಗ ಹೋಗಾಕತ್ತೈತಿ ಅಂತ ಹೇಳ್ತೇನಿ. ಔಷಧ ಕೊಡ್ತಾರ, ನೀ ತಿನ್ನು. ಜಡ್ಡಿಗೇನು ಹೆಸರು ಗೊತ್ತಿರತೈತಿ?"

ಇಂಥ ಉಪಾಯ ನಮ್ಮವ್ವನಿಗಲ್ಲದೆ ಬೇರೆ ಯಾರಿಗೂ ಹೊಳೆಯಲಿಕ್ಕಿಲ್ಲ ಎಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಹೊಳೆದವರು ಬೇಕಾದಷ್ಟು ಜನ ಇದ್ದಾರೆ.

ಶಿಗ್ಗಾಂವಿಯ ಒಬ್ಬ ವಯಸ್ಸಾದ ಲೇಡಿ ಡಾಕ್ಟರ ಆಸ್ಪತ್ರೆಗೆ ಹೋದೆವು. ಎಲ್ಲರೂ ಅವರನ್ನು ಡಾಕ್ಟರ್ ಬಾಯಿ ಎನ್ನುತ್ತಿದ್ದರು. ಕಬ್ಬಿಣದ ಬೆಂಚು, ಗೋಡೆಯ ಮೇಲೆ ದುಂಡನೆಯ ಕೂಸಿನ ಪಟ, ಸುತ್ತ ಬಸುರಿಯರು. ಕಂಪೌಂಡರ್ "ಹತ್ತಿಮತ್ತೂರ ನೀಲವ್ವ" ಎಂದು ಕೂಗಿದ. ನಾನೂ ಎದ್ದೆ. ಅವನು ನನ್ನನ್ನು ನೋಡಿ, "ನೀವು ಯಾರ್ರಿ? ಗಂಡಸರು ಹೊರಗ ಕುಂಡ್ರಬೇಕ್ರಿ" ಎಂದ.

"ನನ್ನ ಮಗ್ರಿ ಅಂವ. ಇಲ್ಲೆ ಕುಂಡ್ರಲಿ, ಪಾಪ," ಎಂದಳು ಅವ್ವ.

ಅವಳು ನನ್ನನ್ನು ಮಗ ಎಂದದ್ದು ಅದೇ ಮೊದಲು. ಎಷ್ಟೋ ವರ್ಷ ಕಾದಿದ್ದ ಮಾತು, ಒಂದು ಸುಳ್ಳಿನ ಜೊತೆ ಸರಾಗ ಹೊರಬಂತು. ನನ್ನ ಕಾಲಲ್ಲಿ ಬಲವಿರಲಿಲ್ಲ, ಆದರೂ ಆ ಬೆಂಚಿನ ಮೇಲೆ ನಾನು ಎದೆ ಸೆಟೆಸಿಕೊಂಡು ಕೂತಿದ್ದೆ. ಆ ಸುಖಕ್ಕಾಗಿಯೇ ಮುಂದೆ ಎರಡು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ ಎಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ನಿಜ ಅದೇ.

ತಪಾಸಣೆಗೆ ಮಲಗಿ ಎಂದರೆ ಅವ್ವ "ಇವತ್ತ ಬ್ಯಾಡ್ರಿ, ರಕ್ತ ಭಾಳ ಐತ್ರಿ" ಎಂದು ಜಾರಿಕೊಂಡಳು. ರಕ್ತ ನಿಲ್ಲಲು ಗುಳಿಗೆ, ಮೈಯಲ್ಲಿ ರಕ್ತ ಹೆಚ್ಚಲು ಗುಳಿಗೆ ಬಂದವು. ತಿಂದೆ. ನಾಲ್ಕು ದಿನ ನಿಲ್ಲುವುದು, ಐದನೆಯ ದಿನ ಶುರುವಾಗುವುದು. ಎರಡನೆಯ ಸಲ ಹೋದಾಗ ಅವ್ವನ ರಕ್ತ ಪರೀಕ್ಷೆಯಾಯಿತು. ಹಿಮೋಗ್ಲೋಬಿನ್ ಹನ್ನೆರಡೂವರೆ. ಡಾಕ್ಟರ್ ಬಾಯಿ ಕಾಗದ ನೋಡಿದರು, ಅವ್ವನ ತುಂಬು ಕೆನ್ನೆ ನೋಡಿದರು, ಪಕ್ಕದಲ್ಲಿ ಬೂದಿಯ ಬಣ್ಣಕ್ಕೆ ತಿರುಗಿ ಕೂತ ನನ್ನನ್ನೂ ನೋಡಿದರು. "ಇಷ್ಟ ರಕ್ತ ಹೋದ್ರೂ ನೀವು ಗಟ್ಟಿ ಅದೀರಿ ಬಿಡ್ರಿ" ಎಂದರು. ಅವ್ವ ಹೆಮ್ಮೆಯಿಂದ, "ರೊಟ್ಟಿ ತಿಂತೇನ್ರಿ" ಎಂದಳು.

ಮೂರನೆಯ ಸಲ ಸಿಕ್ಕಿಬಿದ್ದಳು. ಮಾತಿನ ನಡುವೆ ಡಾಕ್ಟರ್ ಬಾಯಿ, "ಮುಟ್ಟು ಮೊದಲೆಲ್ಲಾ ಬರೋಬ್ಬರಿ ಬರ್ತಿತ್ತೇನ್ರಿ?" ಎಂದು ಕೇಳಿದರೆ, "ನಿಂತು ಆರ ವರ್ಷ ಆತ್ರಿ" ಎಂದುಬಿಟ್ಟಳು. ಸುಳ್ಳು ಹೇಳಿ ರೂಢಿಯಿಲ್ಲದವರ ಹಣೆಬರಹ. ಡಾಕ್ಟರ್ ಬಾಯಿ ಪೆನ್ನು ಕೆಳಗಿಟ್ಟರು.

"ನಿಂತ ಮ್ಯಾಲೆ ಹೋಗಾಕತ್ತೈತಿ ಅಂದ್ರ ಹಗುರಾಗಿ ತಗೊಳ್ಳೂ ಮಾತಲ್ರಿ ಇದು. ಹುಬ್ಬಳ್ಳಿಗೆ ಹೋಗಿ ಗರ್ಭಚೀಲದ ಒಂದ ಚೂರ ತಗಿಸಿ ಪರೀಕ್ಷಾ ಮಾಡಸಬೇಕು. ನಾಡಿದ್ದ ಯಜಮಾನ್ರನ್ನ ಕರಕೊಂಡ ಬರ್ರಿ, ಅವರಿಗೆ ನಾ ಹೇಳ್ತೇನಿ."

ಹೊರಗೆ ಬಂದು ನಾನು, "ಅವ್ವಾ, ಖರೇ ಹೇಳಿಬಿಡೂಣು" ಎಂದೆ. ಅವಳು ಸೆರಗು ಬಿಗಿದುಕೊಂಡು, "ಒಂದ ಚೂರ ತಾನ? ತಗೊಳ್ಳಲಿ. ಅಲ್ಲಿ ಎಲ್ಲಾರೂ ನಿನಗ ಮಗ ಅಂತಾರ. ಅದನ್ನ ಕೆಡಸಬ್ಯಾಡ," ಎಂದಳು. ನನಗಾಗಿ ತನ್ನ ಮೈ ಕೊಯ್ಯಿಸಿಕೊಳ್ಳಲು ಅವಳು ತಯಾರಿದ್ದಳು. ಹೇಡಿಯಾದ ನಾನು ಎರಡು ದಿನ ನಿಜ ಹೇಳಲಿಲ್ಲ.

ಹುಬ್ಬಳ್ಳಿಯ ಪರೀಕ್ಷೆಯ ಸುದ್ದಿ ಕೇಳಿ ಕ್ಯಾನ್ಸರೇ ಎಂದು ನಂಬಿದ್ದ ಅಪ್ಪ ಮೂರನೆಯ ದಿನ ತೋಟದಿಂದ ನೇರ ಆಸ್ಪತ್ರೆಗೆ ಬಂದ. ಕೈಯಲ್ಲಿ ಎಲೆಯ ಹಸಿರು ಕರೆ ಹಾಗೇ ಇತ್ತು. ಬೆಂಚಿನ ಮೇಲೆ ಅವ್ವನ ಪಕ್ಕ ಕೂತ. ಮೂವತ್ತೈದು ವರ್ಷದ ಸಂಸಾರದಲ್ಲಿ ನಾಲ್ಕು ಜನರ ಮುಂದೆ ಅವನು ಅವಳ ಪಕ್ಕ ಕೂತದ್ದನ್ನು ನಾನು ಕಂಡಿರಲಿಲ್ಲ. ಟಾವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದ. ಬೆವರೆಂದುಕೊಂಡೆ. ಡಾಕ್ಟರ್ ಬಾಯಿ ಹುಬ್ಬಳ್ಳಿಯ ಪತ್ರ ಹಿಡಿದು ಬಾಗಿಲಿಗೆ ಬಂದಾಗ ಅಪ್ಪ ಎದ್ದು ಕೈಮುಗಿದ.

"ಬಾಯಾರ, ಅಕಿ ಎಷ್ಟ ದಿನ ಇರ್ತಾಳ್ರಿ? ಖರೇ ಹೇಳ್ರಿ, ನಾ ತಡಕೊಳ್ತೇನಿ."

ಅವನು ತಡೆದುಕೊಳ್ಳುವ ಹಾಗೆ ಕಾಣಲಿಲ್ಲ. ನನ್ನಿಂದಲೂ ತಡೆಯಲಾಗಲಿಲ್ಲ. ಎದ್ದು ನಿಂತೆ.

"ಅವ್ವಗ ಏನೂ ಆಗಿಲ್ರಿ ಬಾಯಾರ. ರಕ್ತ ಹೋಗಾಕತ್ತಿದ್ದು ನನಗ್ರಿ."

ಬಸುರಿಯರೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿದರು. ಅವ್ವ ಇನ್ನೂ ಸೋಲೊಪ್ಪಲಿಲ್ಲ. "ಇಂವಗ ಜ್ವರ ಬಂದಾವ್ರಿ, ಏನೇನರ ಮಾತಾಡ್ತಾನ" ಎಂದು ನನ್ನ ಅಂಗಿ ಹಿಡಿದು ಕೂರಿಸಲು ನೋಡಿದಳು. ನಾನು ಕೂರಲಿಲ್ಲ. "ನಾ ಹುಟ್ಟಿದಾಗ ಹೆಣ್ಣು ಅಂತ ಬರಿಸ್ಯಾರ್ರಿ. ನಾ ಗಂಡಸು. ಎರಡ ತಿಂಗಳಿಂದ ನೀವು ಕೊಟ್ಟ ಗುಳಿಗಿ ತಿಂದಾಂವ ನಾನ್ರಿ," ಎಂದೆ. ಇಷ್ಟು ಹೇಳುವುದಕ್ಕೆ ನಾನು ಇಪ್ಪತ್ತು ವರ್ಷ ಹೆದರಿದ್ದೆ. ಹೇಳಲು ಹಿಡಿದದ್ದು ಒಂದು ಉಸಿರು.

ಡಾಕ್ಟರ್ ಬಾಯಿ ಮೂವರನ್ನೂ ಒಳಗೆ ಕರೆದು ಬಾಗಿಲು ಹಾಕಿದರು. ಅವ್ವನಿಗೆ ಸರಿಯಾಗಿ ಬೈದರು, ಬೈಯಬೇಕಾದದ್ದೇ. ಅಪ್ಪನಿಗೆ ಮಾತ್ರ ಒಂದೇ ಪ್ರಶ್ನೆ. "ಹಂಗಾರ ಇಕಿಗೆ ಏನೂ ಇಲ್ಲಲ್ರಿ?" ಇಲ್ಲ ಎಂದರು. ಮತ್ತೆ ಕೇಳಿದ. ಇಲ್ಲ ಎಂದರು. ಮೂರನೆಯ ಸಲ ಕೇಳಿದ ಮೇಲೆ ಅವನಿಗೆ ನಾನು ಕಂಡೆ.

"ಹಂಗಾರ ಇದಕ್ಕ ಒಂದ ಔಷಧ ಬರೀರಿ. ಇದು ತಾನು ಗಂಡಸು ಅಂತೈತಿ."

"ರಕ್ತ ಹೋಗೂದಕ್ಕ ಔಷಧ ಐತ್ರಿ, ಕೊಡ್ತೇನಿ. ಇನ್ನೊಂದಕ್ಕ ಔಷಧ ಬೇಕಾಗಿಲ್ರಿ, ಅದು ಜಡ್ಡಲ್ಲ," ಎಂದರು ಡಾಕ್ಟರ್ ಬಾಯಿ. ಆಮೇಲೆ ಕನ್ನಡಕ ತೆಗೆದು, "ಅದರ ಬಗ್ಗೆ ನನಗೂ ಪೂರಾ ಗೊತ್ತಿಲ್ಲ. ಗೊತ್ತಿದ್ದವರ ನಂಬರ್ ಕೊಡ್ತೇನಿ," ಎಂದರು. ಒಬ್ಬ ಡಾಕ್ಟರು ತನಗೆ ಗೊತ್ತಿಲ್ಲ ಎಂದದ್ದನ್ನು ನಾನು ಮೊದಲ ಸಲ ಕೇಳಿದೆ, ಮತ್ತು ಅವರನ್ನು ಪೂರ್ತಿ ನಂಬಿದ್ದು ಆ ಮಾತಿನಿಂದ. ಹೊಸ ಚೀಟಿ ತೆಗೆದು, "ನಿಮ್ಮ ಹೆಸರು ಏನಂತ ಬರೀಲಿ?" ಎಂದು ಕೇಳಿದರು.

"ವೀರೇಶ ಅಂತ ಬರೀರಿ."

ಅಪ್ಪ ಕಿಟಕಿಯ ಕಡೆ ಮುಖ ತಿರುಗಿಸಿದ. ಆದರೆ ಎದ್ದು ಹೋಗಲಿಲ್ಲ.

ಸ್ಕ್ಯಾನಿನಲ್ಲಿ ಗರ್ಭಚೀಲದ ತುಂಬ ಗಡ್ಡೆಗಳು ಕಂಡವು. ನನ್ನ ಹಿಮೋಗ್ಲೋಬಿನ್ ಆರಕ್ಕೆ ಇಳಿದಿತ್ತು. ಮೊದಲು ರಕ್ತ ಏರಿಸಬೇಕು, ಆಮೇಲೆ ಹುಬ್ಬಳ್ಳಿಯಲ್ಲಿ ಆಪರೇಷನ್ ಎಂದಾಯಿತು.

ಡಾಕ್ಟರ್ ಬಾಯಿ ಕೊಟ್ಟ ನಂಬರು ಹಿರೇಕೆರೂರಿನ ಶಾಂತಕ್ಕೋರದು. ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಅವರ ಮಗಳು ಅನಿತಾ, ಹುಟ್ಟಿದಾಗ ಗಂಡು ಎಂದು ಬರೆಸಿಕೊಂಡವಳು. ಪ್ರತಿ ತಿಂಗಳ ಎರಡನೆಯ ಭಾನುವಾರ ಹಾನಗಲ್ಲಿನಲ್ಲಿ ಒಂದು ಹೊಲಿಗೆ ಅಂಗಡಿಯ ಮೇಲಿನ ಖೋಲಿಯಲ್ಲಿ ನಮ್ಮಂಥವರು ಮತ್ತು ಮನೆಯವರು ಸೇರುತ್ತಿದ್ದರು. ಹೆಚ್ಚೆಂದರೆ ಹತ್ತು ಜನ, ನಡುವೆ ಮಂಡಕ್ಕಿ ಗಿರಮಿಟ್ಟಿನ ಬುಟ್ಟಿ. ಶಾಂತಕ್ಕೋರ ಹತ್ತಿರ ಒಂದು ನೋಟುಬುಕ್ಕಿತ್ತು. ಯಾವ ಆಸ್ಪತ್ರೆಯಲ್ಲಿ ಯಾವ ಡಾಕ್ಟರು ಮರ್ಯಾದೆಯಿಂದ ಮಾತಾಡುತ್ತಾರೆ, ಜಿಲ್ಲಾಧಿಕಾರಿ ಕಚೇರಿಯ ಗುರುತಿನ ಚೀಟಿಗೆ ಏನೇನು ಕಾಗದ ಬೇಕು, ಆಧಾರಿನಲ್ಲಿ ಹೆಸರು ಹೇಗೆ ಬದಲಿಸಬೇಕು, ಹಾರ್ಮೋನಿನ ಚಿಕಿತ್ಸೆಗೆ ಯಾರನ್ನು ಕಾಣಬೇಕು, ಎಲ್ಲ ಅವರ ದುಂಡನೆಯ ಅಕ್ಷರದಲ್ಲಿ. ನಾನು ಐದು ವರ್ಷ ಮೊಬೈಲಿನಲ್ಲಿ ಕದ್ದು ಹುಡುಕಿ ಅರ್ಧಂಬರ್ಧ ತಿಳಿದುಕೊಂಡದ್ದು ಆ ಪುಸ್ತಕದ ನಾಲ್ಕು ಪುಟದಲ್ಲಿತ್ತು.

ಮೊದಲ ಸಲ ಹೋದಾಗ ಅವ್ವ ಮೂಲೆಯಲ್ಲಿ ಮುದುರಿ ಕೂತಿದ್ದಳು. ಅಲ್ಲಿಂದಲೇ ಕೇಳಿದಳು.

"ಅಕ್ಕೋರ, ನಾ ಬಸರಿದ್ದಾಗ ಮಣ್ಣ ತಿಂತಿದ್ದೆ. ಅದಕ್ಕ ಹಿಂಗಾತೇನ್ರಿ?"

"ನಾ ಪಪ್ಪಾಯಿ ತಿಂದಿದ್ದೆ. ಅದಕ್ಕ ಆತು ಅಂತ ಎರಡ ವರ್ಷ ಅಳಕೋಂತ ಕುಂತು, ಮಗಳ ಜೋಡಿ ಮಾತು ಬಿಟ್ಟಿದ್ದೆ," ಎಂದರು ಶಾಂತಕ್ಕೋರು. "ನೀಲವ್ವಾರ, ಮಣ್ಣ ತಿಂದವರ ಮಕ್ಕಳೆಲ್ಲಾ ಹಿಂಗ ಆಗಿದ್ರ ಈ ಖೋಲಿ ಸಾಲತಿರಲಿಲ್ರಿ. ಇಡೀ ಹಾನಗಲ್ಲ ಪ್ಯಾಟೀನ ಬಾಡಿಗಿ ಹಿಡೀಬೇಕಾಗತಿತ್ತು."

ಅವ್ವ ನಕ್ಕಳು. ಸೆರಗು ಬಾಯಿಗೆ ಹಿಡಿದು ನಕ್ಕು, ಹಾಗೇ ಅತ್ತಳು. ಐದು ವರ್ಷ ಆ ಮಣ್ಣು ಅವಳ ಗಂಟಲಲ್ಲಿ ಸಿಕ್ಕಿಕೊಂಡಿತ್ತು ಎಂದು ನನಗೆ ಆ ದಿನ ತಿಳಿಯಿತು. ಚೀಟಿಯ ಕಥೆ ಹೇಳಿದಾಗ ಇನ್ನೊಬ್ಬ ತಾಯಿ, ತಾನೂ ಹಾಗೆಯೇ ಮಾಡಿದ್ದೆ, ತಾನು ಸಿಕ್ಕಿಬೀಳಲಿಲ್ಲ ಅಷ್ಟೇ ಎಂದಳು.

ಟ್ರಂಕಿನ ಖಣಗಳ ಮಾತು ಬಂದಾಗ ಅನಿತಾ ಕಣ್ಣರಳಿಸಿದಳು. ಅವಳಿಗೆ ಜನ್ಮದಲ್ಲಿ ಯಾರೂ ಖಣ ಕೊಟ್ಟಿರಲಿಲ್ಲ. "ನನ್ನ ಕಡೆ ಟೊಪ್ಪಿಗಿ ಒಂದ ಚೀಲ ಅದಾವು. ಬದಲಿ ಮಾಡೂಣೇನು?" ಎಂದಳು. ಮುಂದಿನ ಸಲ ಹದಿನಾರೂ ಖಣ ಒಯ್ದು ಅವಳ ಮಡಿಲಿಗೆ ಹಾಕಿದೆ. ಕೆಳಗಿನ ಅಂಗಡಿಯಲ್ಲೇ ಹೊಲಿಯಲು ಕೊಟ್ಟಳು. ಅವಳ ಟೊಪ್ಪಿಗೆಗಳನ್ನು ಮಾತ್ರ ನಾನು ತೆಗೆದುಕೊಳ್ಳಲಿಲ್ಲ.

"ನನ್ನ ಹೆಸರ ಕೂಗಿ ಯಾರರ ಕೊಡಲಿ, ಆವಾಗ ಹಾಕ್ಕೊಳ್ತೇನಿ."

"ಹಂಗಾರ ಬೋಳ ತಲೀಲೆ ಇರತೀ ನೀ," ಎಂದು ಅನಿತಾ ಛೇಡಿಸಿದಳು.

ಆಪರೇಷನ್ನಿಗೆ ಮೊದಲು ನನಗಿದ್ದ ಭಯ ಕತ್ತರಿಯದಲ್ಲ. ನಡುವೆ ಸತ್ತುಹೋದರೆ ಸೀರೆ ಉಡಿಸಿ, ಹಳೆಯ ಹೆಸರು ಹಿಡಿದು ಅತ್ತು, ಹಾಗೇ ಮಣ್ಣು ಮಾಡುತ್ತಾರಲ್ಲ ಎನ್ನುವ ಭಯ. ಅವ್ವನಿಗೆ ಹೇಳಿಯೇಬಿಟ್ಟೆ. "ಏನರ ಆದ್ರ ನನಗ ಸೀರಿ ಉಡಸಬ್ಯಾಡ." ಅವಳು ನನ್ನ ಗಲ್ಲ ಹಿಡಿದು, "ನಾ ಇರೂತನಕ ಯಾರೂ ಉಡಸಂಗಿಲ್ಲ. ನೀ ಮೊದಲ ಎದ್ದ ಬಾ," ಎಂದಳು. ಆ ಮಾತಿನ ಮೇಲೆ ನಾನು ನಿರಾಳವಾಗಿ ಸ್ಟ್ರೆಚರ್ ಹತ್ತಿದೆ.

ಶಾಂತಕ್ಕೋರು ಮುಂಚೆಯೇ ಬಂದು ವಾರ್ಡಿನ ಸಿಸ್ಟರಿಗೆ ಹೇಳಿಹೋಗಿದ್ದರು. ಹೆಂಗಸರ ವಾರ್ಡೇ, ಆದರೆ ಮೂಲೆಯ ಹಾಸಿಗೆ, ಸುತ್ತ ಹಸಿರು ಪರದೆ. ಎಚ್ಚರವಾದಾಗ ನೋಡಿದರೆ ಸಲೈನ್ ಬಾಟಲಿಗೆ ಅಂಟಿಸಿದ ಪಟ್ಟಿಯ ಮೇಲೆ ಪೆನ್ನಿನಲ್ಲಿ "ವೀರೇಶ" ಎಂದಿತ್ತು. ಸಿಸ್ಟರಿಗೆ ಅದು ಎರಡು ಸೆಕೆಂಡಿನ ಕೆಲಸ. ನಾನು ಬಾಟಲಿ ಖಾಲಿಯಾಗುವ ತನಕ ಓದುತ್ತಾ ಮಲಗಿದ್ದೆ.

ಅಪ್ಪ ಎಳನೀರು ಹಿಡಿದು ನೋಡಲು ಬಂದನಂತೆ. ಗೇಟಿನವನು ಪೇಷಂಟಿನ ಹೆಸರು ಕೇಳಿದ. ಹಳೆಯ ಹೆಸರು ಹೇಳಲು ಮನಸ್ಸಾಗಲಿಲ್ಲ, ಹೊಸದಕ್ಕೆ ಬಾಯಿ ಏಳಲಿಲ್ಲ. ಕೊನೆಗೆ "ನೀಲವ್ವ" ಎಂದ. ಅಂಥ ಪೇಷಂಟು ಇಲ್ಲ ಎಂದು ಗೇಟಿನವನು ಒಳಗೆ ಬಿಡಲಿಲ್ಲ. ಭೇಟಿಯ ಹೊತ್ತು ಮುಗಿಯುವ ತನಕ ಅಪ್ಪ ಬೇವಿನ ಗಿಡದ ಕೆಳಗೆ ಎಳನೀರು ಹಿಡಿದು ಕೂತಿದ್ದನ್ನು ಅವ್ವ ಕಂಡು, "ಈ ಮನ್ಯಾಗ ಎಲ್ಲಾ ಜಡ್ಡೂ ನನ್ನ ಹೆಸರಿಲೇನ" ಎಂದು ಬೈದು, ಎಳನೀರನ್ನು ಮಾತ್ರ ಒಳಗೆ ತಂದಳು. ಎಳನೀರು ಸಿಹಿಯಿತ್ತು.

ಎರಡು ತಿಂಗಳಲ್ಲಿ ಅಂಗಡಿಗೆ ಮರಳಿದೆ. ಸುತ್ತು ಎಣಿಸುವಾಗ ಈಗ ತಪ್ಪುವುದಿಲ್ಲ. ಹಾರ್ಮೋನಿನ ಚಿಕಿತ್ಸೆ ಡಾಕ್ಟರ ಕಣ್ಣೆದುರಿಗೇ ನಡೆದಿದೆ. ದನಿ ಒಡೆದಿದೆ, ತುಟಿಯ ಮೇಲೆ ನಾಲ್ಕು ಕೂದಲು ಬಂದಿವೆ, ಅವ್ವ ಅದನ್ನು ಮೀಸೆ ಎನ್ನುತ್ತಾಳೆ. ಗುರುತಿನ ಚೀಟಿ ಬಂದಿದೆ. ಅವ್ವ ತಪ್ಪದೆ ಹಾನಗಲ್ಲಿಗೆ ಬರುತ್ತಾಳೆ, ಹೊಸದಾಗಿ ಬಂದ ತಾಯಂದಿರ ಪಕ್ಕ ಕೂತು ಒಂದೇ ಮಾತು ಹೇಳುತ್ತಾಳೆ: "ಚೀಟಿ ಕೂಸಿನ ಹೆಸರಿಲೆ ತಗಸ್ರಿ. ಕೂಸು ಯಾವ ಹೆಸರ ಹೇಳತೈತೋ ಆ ಹೆಸರಿಲೆ." ಇದನ್ನು ಓದುತ್ತಿರುವ ತಾಯಿ ತಂದೆಯರಿಗೆ ನನ್ನದೂ ಅದೇ ಮಾತು. ಕೇಳಲು ಜನ ಇದ್ದಾರೆ. ಒಂದು ನಂಬರು ಸಿಗುವ ತನಕ ಮಾತ್ರ ಕಷ್ಟ.

ಹೋದ ತಿಂಗಳು ದುಂಡಸಿಯಲ್ಲಿ ಸೋದರಮಾವನ ಹೊಸ ಮನೆಯ ಒಕ್ಕಲು. ನನಗೆ ಹೋಗುವ ಮನಸ್ಸಿರಲಿಲ್ಲ. ಅಪ್ಪ ಬಾಗಿಲಲ್ಲಿ ನಿಂತು, "ಏಯ್, ಬಸ್ಸಿನ ಹೊತ್ತಾತು" ಎಂದ. ಹೋದೆ.

ಊಟಕ್ಕೆ ಮೊದಲು ಆಹೇರ. ಮಾವನ ಕಡೆಯ ಒಬ್ಬ ಅಜ್ಜ ಯಾದಿ ಹಿಡಿದು ಕೂಗುತ್ತಿದ್ದ. ಅಪ್ಪನ ಹೆಸರು ಬಂತು. ಹೋಗಿ ಹೊಸ ಟೊಪ್ಪಿಗೆ ಹಾಕಿಸಿಕೊಂಡು ಬಂದು ಎಲೆಯಡಿಕೆ ಬಾಯಿಗಿಟ್ಟ. ಅವ್ವನದಾಯಿತು. ಆಮೇಲೆ ಅಜ್ಜ ಕಣ್ಣು ಕಿರಿದು ಮಾಡಿ ನನ್ನ ಹಳೆಯ ಹೆಸರು ಕೂಗಿದ. ತಟ್ಟೆಯಲ್ಲಿ ಹಸಿರು ಖಣ ಕಾಯುತ್ತಿತ್ತು. ನಾನು ಏಳಲಿಲ್ಲ. ಅಜ್ಜ ಇನ್ನೊಮ್ಮೆ ಕೂಗಿದ. ಜನ ತಿರುಗಿ ನೋಡತೊಡಗಿದರು.

ಅಪ್ಪ ಎದ್ದು ಹೊರಗೆ ಹೋದ. ಈ ಅವಮಾನ ನೋಡಲಾರದೆ ಹೋದ ಎಂದುಕೊಂಡೆ. ಅವನು ಅಂಗಳದಲ್ಲಿ ಎಲೆಯಡಿಕೆ ಉಗುಳಿ, ಬಾಯಿ ಮುಕ್ಕಳಿಸಿ, ಟಾವೆಲ್ಲಿನಿಂದ ಒರೆಸಿಕೊಳ್ಳುತ್ತಾ ಒಳಗೆ ಬಂದ. ಬಾಯಿ ತುಂಬಿತ್ತು, ಅಷ್ಟೇ.

"ಅಜ್ಜಾರ, ಆ ಹೆಸರಿನವರು ನಮ್ಮನ್ಯಾಗ ಯಾರೂ ಇಲ್ರಿ."

"ಇಲ್ಲಿ ಬರದಾರಲ್ಲೋ ಮತ್ತ."

"ತಪ್ಪ ಬರದಾರ. ನನ್ನ ಮಗನ ಹೆಸರು ವೀರೇಶ. ಹಂಗ ಕೂಗ್ರಿ."

ಅಜ್ಜ ಅವನನ್ನು ನೋಡಿದ, ನನ್ನನ್ನು ನೋಡಿದ, ಹೊರಗೆ ಊಟಕ್ಕೆ ಹಾಸಿದ್ದ ಎಲೆಗಳನ್ನೂ ನೋಡಿದ. ಅವನಿಗೂ ಹಸಿವಾಗಿತ್ತು. ಗಂಟಲು ಸರಿಮಾಡಿಕೊಂಡು, ಮೊದಲಿಗಿಂತ ಜೋರಾಗಿ ಕೂಗಿದ: "ಹತ್ತಿಮತ್ತೂರ ವೀರೇಶ."

ನಾನು ಎದ್ದು ಹೋಗಿ ಕೂತೆ. ಟೊಪ್ಪಿಗೆಗಳು ಎಣಿಸಿ ತಂದವು, ಹೆಚ್ಚಿನದು ಒಂದೂ ಇರಲಿಲ್ಲ. ಮಾವ ಖಣದ ತಟ್ಟೆ ಹಿಡಿದು ಏನು ಮಾಡಬೇಕೆಂದು ತಿಳಿಯದೆ ನಿಂತ. ಅಪ್ಪ ತನ್ನ ತಲೆಯ ಮೇಲಿನ ಹೊಸ ಟೊಪ್ಪಿಗೆ ತೆಗೆದು ನನ್ನ ತಲೆಗೆ ಇಟ್ಟ. ಅದು ಜಾರಿ ಕಿವಿಯ ತನಕ ಇಳಿಯಿತು. ಹಿಂದೆ ಅವ್ವ ಮೂಗು ಒರೆಸಿಕೊಳ್ಳುವುದು ಕೇಳಿಸಿತು.

"ದೊಡ್ಡದಾತು ಅಪ್ಪಾ," ಎಂದೆ.

"ಇರಲಿ," ಎಂದ ಅಪ್ಪ. "ಉಣ್ಣಾಕ ನಡಿ, ವೀರೇಶ."

ನಾನು ಟೊಪ್ಪಿಗೆಯನ್ನು ಒಂದು ಕೈಯಿಂದ ಎತ್ತಿ ಹಿಡಿದುಕೊಂಡು ಅವನ ಹಿಂದೆ ಪಂಕ್ತಿಗೆ ಹೋದೆ.